ಮೇಜು ನೆಲ ಕಚ್ಚುವ ಮುನ್ನ

ನಮ್ಮ ಊರಿನಲ್ಲಿ ಹೊಸ್ತಿಲು ದಾಟಿ ಒಳಗೆ ಬಂದ ಸಾಮಾನು ಒಂದು ಮಂಡಲ ಮುಗಿಯುವ ಹೊತ್ತಿಗೆ ಎಲ್ಲಿರುತ್ತದೋ ಅಲ್ಲಿಯೇ ನೆಲ ಕಚ್ಚುತ್ತದೆ. ನಲವತ್ತೆಂಟನೆಯ ದಿನದ ಸಂಜೆಯವರೆಗೆ ಒಬ್ಬರೇ ಎಳೆದಾಡಬಹುದಾಗಿದ್ದ ಮಂಚ ಮರುದಿನ ಬೆಳಿಗ್ಗೆ ನಾಲ್ಕು ಜನ ಮಿಣಿ ಹಾಕಿ ಎಳೆದರೂ ಜಗ್ಗುವುದಿಲ್ಲ. ಮರದ್ದಾದರೂ ಅಷ್ಟೇ, ಕಬ್ಬಿಣದ್ದಾದರೂ ಅಷ್ಟೇ. ನಡುವೆ ಒಮ್ಮೆ ಹೊರಗೆ ಹಾಕಿ ಮತ್ತೆ ಒಳಗೆ ತಂದರೂ ಲೆಕ್ಕ ಮೊದಲಿನದೇ. ಕುರ್ಚಿ, ಸ್ಟೂಲು, ಚಾಪೆ, ಪಾತ್ರೆಯಂಥ ಕೈಸಾಮಾನಿಗೆ ಮಾತ್ರ ಈ ಬಾಧೆಯಿಲ್ಲ. ಹಾಗಾಗಿ ಇಲ್ಲಿ ಬಾಡಿಗೆಗೆ ಮನೆ ನೋಡಲು ಬಂದವರು ನೀರಿನ ವಿಷಯ ಕೇಳುವ ಮೊದಲು ಮಂಚ ಯಾವ ಗೋಡೆಗಿದೆ ಎಂದು ಕೇಳುತ್ತಾರೆ. ಕ್ಯಾಲೆಂಡರುಗಳಲ್ಲಿ ಅಮಾವಾಸ್ಯೆ, ಏಕಾದಶಿಗಳ ಪಕ್ಕದಲ್ಲಿ ‘ಕಪಾಟಿಗೆ ಇಂದೇ ಕೊನೆ’ ಎಂದು ಪೆನ್ಸಿಲಿನಲ್ಲಿ ಬರೆದಿರುತ್ತದೆ. ಹೊರಗಿನವರು ಕೇಳಿ ನಗುತ್ತಾರೆ. ನಮಗೆ ಇದರಲ್ಲಿ ನಗುವಂಥದ್ದೂ ಇಲ್ಲ, ಅಳುವಂಥದ್ದೂ ಇಲ್ಲ.

ಇಂಥ ಊರಿನಲ್ಲಿ ನನ್ನದು ಒಳಾಂಗಣದ ಕಸುಬು. ಬೇರೆ ಕಡೆ ಇದು ಉಳ್ಳವರ ಶೋಕಿಯಾಗಿರಬಹುದು. ಇಲ್ಲಿ ಸೂಲಗಿತ್ತಿಯನ್ನು ಕರೆಯುವ ಹಾಗೆ ದಿನ ತುಂಬುವುದರೊಳಗೆ ಕರೆಯುತ್ತಾರೆ. ಮೊದಲ ದಿನವೇ ನಕ್ಷೆ ಬರೆದುಕೊಡುವುದು ನನ್ನ ಪದ್ಧತಿಯಲ್ಲ. ಸಾಮಾನುಗಳನ್ನು ಹೇಗೋ ಇಡಿಸಿ, ಜನರನ್ನು ಒಳಗೆ ಬಿಟ್ಟು, ಒಂದು ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತೇನೆ. ಯಾರು ಏನನ್ನು ಎಲ್ಲಿಗೆ ಎಳೆಯುತ್ತಾರೆ ಎಂದು ಚೌಕುಳಿ ಹಾಳೆಯ ಮೇಲೆ ದಿನವೂ ಗುರುತು ಹಾಕುತ್ತೇನೆ. ಮಂಡಲ ಮುಗಿಯುವ ದಿನ ಎಲ್ಲವನ್ನೂ ಕೊನೆಯ ಸಲ ಜೋಡಿಸಿ ಹೊರಟುಬಿಡುತ್ತೇನೆ. ಆಮೇಲೆ ಆ ಮನೆಯಲ್ಲಿ ನನಗೆ ಕೆಲಸವಿರುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಹೀಗೆ ಎಷ್ಟು ಮನೆಗಳಲ್ಲಿ ನಲವತ್ತೆಂಟು ನಲವತ್ತೆಂಟು ದಿನ ಕಳೆದಿದ್ದೇನೋ. ನನ್ನ ಸ್ವಂತ ಕೋಣೆಯಲ್ಲಿ ಮಂಚವಿಲ್ಲ, ಮೇಜಿಲ್ಲ. ಚಾಪೆ ಹಾಸಿಕೊಂಡು ಮಲಗುತ್ತೇನೆ, ಬೆಳಿಗ್ಗೆ ಸುತ್ತಿ ಬಾಗಿಲ ಹಿಂದೆ ನಿಲ್ಲಿಸುತ್ತೇನೆ. ಯಾಕೆ ಹೀಗೆ ಎಂದು ಯಾರೂ ಕೇಳಿಲ್ಲ. ಕೇಳುವಷ್ಟು ಒಳಗೆ ಯಾರೂ ಬಂದಿಲ್ಲ.

ಬೈಪಾಸಿನ ಆಚೆಯ ಹೊಸ ಬಡಾವಣೆಯಿಂದ ನನಗೆ ಕರೆ ಬಂದದ್ದು ಎರಡು ವರ್ಷದ ಹಿಂದೆ. ಕರೆದವರು ಅಲ್ಲಿನ ನಿವಾಸಿಗಳ ಸಂಘದ ಅಧ್ಯಕ್ಷರಾದ ಪದ್ಮರಾಜ ಇಂದ್ರ, ಅಂಚೆ ಹಂಚಿ ನಿವೃತ್ತರಾದವರು. ಮುನ್ನೂರು ಮನೆಗಳ ಬಡಾವಣೆ ಅದು. ಕಚೇರಿಗಳೆಲ್ಲ ಕೆಲಸವನ್ನು ಮನೆಗೆ ಕಳಿಸಿಕೊಡಲು ಶುರುಮಾಡಿದ ಮೇಲೆ ಅಗ್ಗದ ಬಾಡಿಗೆಗೆಂದು ಒಂಟಿ ಜನ ಬಂದು ಸೇರಿಕೊಂಡಿದ್ದರು. ಬೆಳಿಗ್ಗೆ ಹತ್ತಕ್ಕೆ ಬಾಗಿಲು ಹಾಕಿಕೊಂಡು ಒಂದೊಂದು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಮೇಜಿನ ಮುಂದೆ ಕೂತರೆ ಸಂಜೆಯವರೆಗೆ ಬೀದಿಯಲ್ಲಿ ನಾಯಿ ಮಾತ್ರ ಓಡಾಡುತ್ತಿತ್ತು. ದಿನಸಿ ಬಜಾರೆಂದು ಕಟ್ಟಿ ತೆರೆಯದೇ ಉಳಿದಿದ್ದ ಒಂದು ಹಾಲ್ ಇತ್ತು. ಅದರಲ್ಲಿ ಹದಿನಾಲ್ಕು ಮೇಜು ಹಾಕಿಸಿ, ಬಯಸಿದವರು ಬಂದು ಒಟ್ಟಿಗೆ ಕೂತು ತಂತಮ್ಮ ಕೆಲಸ ಮಾಡುವಂಥ ಜಾಗ ಮಾಡಬೇಕೆಂದು ಇಂದ್ರ ಅವರ ಆಸೆ. ಅದು ಯಾಕೆ ಬೇಕು ಎಂದು ನಾನು ಕೇಳಿದಾಗ ಅವರು ಕನ್ನಡಕ ಒರೆಸಿಕೊಂಡರು.

“ರಜಿಸ್ಟರ್ ಕಾಗದ ಕೊಡಾಕ ಹೋದ್ರ, ಇಲ್ಲಿ ಮಂದಿ ಸಹಿ ಮಾಡಾಕ ಅರ್ಧಾ ತಾಸು ಮಾಡ್ತಿದ್ರು ಬಾಯಾರ. ಪೆನ್ನ ಸಿಗೂದಿಲ್ಲ ಅಂತಿದ್ರು. ಕಿಸೇದಾಗ ಪೆನ್ನು ಇರ್ತಿತ್ತು.”

ನಾನು ಒಪ್ಪಿಕೊಂಡೆ. ಮೇಜುಗಳು ಹೊಸ್ತಿಲು ದಾಟಿದ ದಿನ ಸಂಘದವರು ಹಾಲ್‌ನ ಗೋಡೆಯ ಕ್ಯಾಲೆಂಡರಿನಲ್ಲಿ ನಲವತ್ತೆಂಟನೆಯ ದಿನದ ಚೌಕಕ್ಕೆ ಕೆಂಪು ಶಾಯಿಯ ಗೆರೆ ಹೊಡೆದರು.

ಮೊದಲಿಗೆ ಎಲ್ಲ ಮೇಜುಗಳನ್ನೂ ನಡುವೆ ಒತ್ತಾಗಿ ಸೇರಿಸಿ ಒಂದೇ ಪಂಕ್ತಿ ಮಾಡಿಸಿದ್ದೆ. ಜನ ಬಂದರು. ಒಬ್ಬರಿಗೊಬ್ಬರು ನಮಸ್ಕಾರ ಹೇಳಿ ತಲೆ ತಗ್ಗಿಸಿ ಕೂತರು. ಎರಡನೆಯ ದಿನ ಒಂದು ಮೇಜು ಮೊಳದಷ್ಟು ದೂರ ಸರಿಯಿತು. ಐದನೆಯ ದಿನಕ್ಕೆ ಪಂಕ್ತಿ ಒಡೆಯಿತು. ಇಪ್ಪತ್ತನೆಯ ದಿನ ನನ್ನ ಹಾಳೆಯಲ್ಲಿ ಹದಿನಾಲ್ಕೂ ಗುರುತುಗಳು ಗೋಡೆಗೆ ಅಂಟಿಕೊಂಡಿದ್ದವು. ಎಲ್ಲರ ಮುಖ ಗೋಡೆಗೆ, ಬೆನ್ನು ಒಳಕ್ಕೆ, ನಡುವೆ ಮದುವೆ ಮಾಡುವಷ್ಟು ಖಾಲಿ ಜಾಗ. ಯಾರಿಗೂ ಯಾರ ಮೇಲೂ ಸಿಟ್ಟಿರಲಿಲ್ಲ. ಈಗ ಯಾರ ಪಕ್ಕ ಕೂತೆವೋ ಅವರ ಪಕ್ಕವೇ ಕಾಯಂ ಎಂಬ ಅಂಜಿಕೆ ಇತ್ತು, ಅಷ್ಟೇ.

ನನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿದೆ. ನೀರಿನ ಗಡಿಗೆಯನ್ನು ಒಂದು ತುದಿಯಲ್ಲೂ ಲೋಟಗಳನ್ನು ಇನ್ನೊಂದು ತುದಿಯಲ್ಲೂ ಇಟ್ಟೆ. ಎರಡು ಮೇಜಿಗೆ ಒಂದೇ ಪ್ಲಗ್ ಕೊಟ್ಟೆ. ಕಿಟಕಿಗಳ ಕೆಳಭಾಗಕ್ಕೆ ಹಾಳೆ ಅಂಟಿಸಿ ಬೆಳಕು ಹಾಲಿನ ನಡುವೆ ಬೀಳುವಂತೆ ಮಾಡಿದೆ. ಕೊನೆಗೆ ಫಲಿಸಿದ್ದು ಇವು ಯಾವುವೂ ಅಲ್ಲ. ಒಂದು ದಿನ ನೆಲ ಒರೆಸುವವರು ಎರಡು ಮೇಜುಗಳನ್ನು ಮೂಲೆಗೆ ಮೂಲೆ ತಾಗಿಸಿ, ಒಂದಕ್ಕೊಂದು ಅಡ್ಡವಾಗಿ ಬಿಟ್ಟುಹೋಗಿದ್ದರು. ಅಲ್ಲಿ ಕೂತ ಇಬ್ಬರೂ ಅದನ್ನು ಸರಿಪಡಿಸಲಿಲ್ಲ. ಎದುರಿಗೆ ಕೂತರೆ ಮುಖ ನೋಡಬೇಕಾಗುತ್ತದೆ, ಬೆನ್ನಿಗೆ ಬೆನ್ನು ಹಾಕಿದರೆ ಇದ್ದೂ ಇಲ್ಲದ ಹಾಗೆ. ಹೀಗೆ ಮಗ್ಗುಲಿಗೆ ಕೂತರೆ ಕಣ್ಣಂಚಿನಲ್ಲಿ ಇನ್ನೊಬ್ಬರ ತೋಳು ಆಡುವುದು ಕಾಣುತ್ತದೆ, ಅಷ್ಟು ಸಾಕಾಗುತ್ತದೆ. ನಾನು ಉಳಿದ ಮೇಜುಗಳನ್ನೂ ಹಾಗೆಯೇ ಜೋಡಿ ಮಾಡತೊಡಗಿದೆ. ಮೇಜುಗಳು ಗೋಡೆ ಬಿಟ್ಟು ಬಂದವು.

ಬರದೆ ಉಳಿದದ್ದು ಒಂದೇ, ನೀಲಕಂಠ ಹೂಗಾರ ಅವರದು. ಅವರಿಗೆ ಅರವತ್ತೆರಡೋ ಅರವತ್ತಮೂರೋ ಇರಬೇಕು. ಛಾಪಖಾನೆಗಳ ಕರಡು ತಿದ್ದುವ ಕೆಲಸ. ಕೂತರೆ ಸುಮ್ಮನಿರುತ್ತಿರಲಿಲ್ಲ, ಸಣ್ಣ ದನಿಯಲ್ಲಿ ಓದಿಕೊಳ್ಳುತ್ತಿದ್ದರು. ಅಕ್ಷರಗಳಷ್ಟನ್ನೇ ಅಲ್ಲ, ಅಲ್ಪವಿರಾಮ, ಪೂರ್ಣವಿರಾಮ, ಹೊಸ ಸಾಲು, ಎಲ್ಲವನ್ನೂ ಓದುತ್ತಿದ್ದರು. ಅವರ ಪಕ್ಕದಲ್ಲಿ ಶಂಶಾದ್ ಎಂಬಾಕೆ ಕೂರುತ್ತಿದ್ದಳು. ಬಸ್ಸುಗಳ ವಿಚಾರಣೆಗೆ ಫೋನ್ ಮಾಡುವವರಿಗೆ ಉತ್ತರ ಕೊಡುವುದು ಅವಳ ಕೆಲಸ. ದಿನವಿಡೀ ಮಾತಾಡಿದರೂ ಹಾಲಿನಲ್ಲಿದ್ದ ಯಾರೊಡನೆಯೂ ಅವಳಿಗೆ ಮಾತಿರಲಿಲ್ಲ. ಅವಳು ಒಂದು ಮಧ್ಯಾಹ್ನ ನನ್ನ ಸ್ಟೂಲಿನ ಹತ್ತಿರ ಬಂದು ಸಂಕೋಚದಿಂದ ದೂರು ಹೇಳಿದಳು. ಫೋನಿನಲ್ಲಿ ಯಾರೋ ಮುದುಕರು, ಪೂರ್ಣವಿರಾಮಕ್ಕೆ ಬಸ್ಸು ಎಷ್ಟಕ್ಕಿದೆ, ಅದು ಯಾವ ಕಡೆಯ ಊರು ಎಂದು ಕೇಳಿದ್ದರಂತೆ.

ಇದನ್ನು ಹೂಗಾರರಿಗೆ ತಿಳಿಸಿದಾಗ ಅವರಿಗೆ ಬಹಳ ನಾಚಿಕೆಯಾಯಿತು. ಮರುದಿನ ತಮ್ಮ ಮೇಜನ್ನು ತಾವೇ ಎಳೆದುಕೊಂಡು ಹೋಗಿ ಸಾಮಾನು ಕೋಣೆಯ ಪಕ್ಕದ ಕತ್ತಲೆಯಲ್ಲಿ ಗೋಡೆಗೆ ಮುಖ ಮಾಡಿ ಇಟ್ಟುಕೊಂಡರು. ಅದು ಅಲ್ಲೇ ಕಚ್ಚಲಿ ಎಂದರು. ಅಂದು ಮೂವತ್ತನೆಯ ದಿನ. ನಾನು ಸ್ಟೂಲು ತೆಗೆದುಕೊಂಡು ಅವರ ಬಳಿ ಹೋಗಿ ಕೂತೆ. ಮೆಲ್ಲಗೆ ಕೇಳಿದ ಮೇಲೆ ಅವರು ಹೇಳಿದ್ದಿಷ್ಟು. ಕರಡು ತಿದ್ದುವುದು ಇಬ್ಬರ ಕೆಲಸ. ಒಬ್ಬ ಮೂಲಪ್ರತಿಯನ್ನು ಚಿಹ್ನೆಗಳ ಸಮೇತ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ತಪ್ಪು ಗುರುತು ಮಾಡಬೇಕು. ಇಪ್ಪತ್ತೆರಡು ವರ್ಷ ಅವರಿಗೆ ಓದಿ ಹೇಳಿದವರು ರಾಚಪ್ಪ ಕೋರಿ. ಛಾಪಖಾನೆಯಲ್ಲಿ ಇಬ್ಬರ ಮೇಜುಗಳೂ ಎದುರುಬದುರು ಕಚ್ಚಿದ್ದವು. ರಾಚಪ್ಪ ತೀರಿಕೊಂಡರು, ಮರುವರ್ಷ ಛಾಪಖಾನೆಗೆ ಬೀಗ ಬಿತ್ತು. ಮೇಜುಗಳು ಈಗಲೂ ಒಳಗೇ ಇವೆ. ಅಂದಿನಿಂದ ಹೂಗಾರರು ಇಬ್ಬರ ಕೆಲಸವನ್ನೂ ಒಬ್ಬರೇ ಮಾಡುತ್ತಿದ್ದರು. ಒಂದು ಸಾಲು ರಾಚಪ್ಪನಾಗಿ ಓದುವುದು, ಆಮೇಲೆ ತಾವಾಗಿ ನೋಡುವುದು.

ನನಗೆ ಬೇರೆ ಕೆಲಸವೇನಿರಲಿಲ್ಲ. ಮಂಡಲ ಮುಗಿಯುವವರೆಗೆ ನಾನು ಓದಲೇ ಎಂದು ಕೇಳಿದೆ. ಅವರು ಒಪ್ಪಲು ಎರಡು ದಿನ ಹಿಡಿಯಿತು.

ಸಂಘದ ಕಡತಗಳ ಬೀರು ಉಳಿದ ಮೇಜುಗಳಿಂದ ಮರೆ ಮಾಡಿದ್ದ, ಬಾಗಿಲಿಗೆ ಮಾತ್ರ ನೇರವಾದ ಒಂದು ಜಾಗವಿತ್ತು. ಅಲ್ಲಿ ಅವರ ಮೇಜನ್ನೂ ಜೋಡಿಯಿಲ್ಲದೆ, ಕೂರುವವರಿಲ್ಲದೆ ಉಳಿದಿದ್ದ ಇನ್ನೊಂದು ಮೇಜನ್ನೂ ಅಂಚಿಗೆ ಅಂಚು ಕೂಡಿಸಿ ಎದುರುಬದುರು ಇಡಿಸಿದೆ. ನಡುವೆ ಅಂತರ ಕಡಿಮೆಯಾದಷ್ಟೂ ದನಿ ತಗ್ಗಿಸಬಹುದು, ಶಂಶಾದಳ ಫೋನಿಗೆ ಕೇಳುವುದಿಲ್ಲ ಎಂದು ನನ್ನ ಲೆಕ್ಕ. ಆಗ ಅವರ ಕೈಯಲ್ಲಿದ್ದದ್ದು ನಮ್ಮ ಊರಿನ ಹೊಸ ಟೆಲಿಫೋನ್ ಪುಸ್ತಕದ ಕರಡು. ಹೆಸರು, ಅಲ್ಪವಿರಾಮ, ಮನೆ ನಂಬರು, ಅಲ್ಪವಿರಾಮ, ಬೀದಿ, ಗೆರೆ, ಎರಡು ಎರಡು ಏಳು ಸೊನ್ನೆ ಎಂಟು. ಹೀಗೆ ದಿನಕ್ಕೆ ಐನೂರು ಜನರನ್ನು ನಾನು ಓದುತ್ತಿದ್ದೆ, ಅವರು ಪೆನ್ಸಿಲಿನ ತುದಿಯಿಂದ ಒಬ್ಬೊಬ್ಬರನ್ನೂ ಮುಟ್ಟಿ ಮುಂದೆ ಹೋಗುತ್ತಿದ್ದರು. ಓದುವ ಲಯ ಒಂದು ಸಲ ಸಿಕ್ಕಿತೆಂದರೆ ನಾನು ನಿಲ್ಲಿಸುವ ಮೊದಲೇ ಅವರ ಪೆನ್ಸಿಲು ನಿಲ್ಲುತ್ತಿತ್ತು. ನಾನು ಉಗುಳು ನುಂಗಿದರೆ ಅವರು ಹಾಳೆಯಿಂದ ಕಣ್ಣು ತೆಗೆಯದೆ ನೀರಿನ ಲೋಟ ಈಚೆ ಸರಿಸುತ್ತಿದ್ದರು. ಇಪ್ಪತ್ತು ವರ್ಷ ಬೇರೆಯವರ ಮನೆಗಳಲ್ಲಿ ಸ್ಟೂಲಿನ ಮೇಲೆ ಕೂತವಳಿಗೆ ಲೋಟ ಸರಿಸಿಕೊಟ್ಟವರು ಇರಲಿಲ್ಲ. ರಾತ್ರಿ ಚಾಪೆಯ ಮೇಲೆ ಮಲಗಿದಾಗ ಯಾರದೋ ಹೆಸರುಗಳು, ನಂಬರುಗಳು ಬಾಯಿಗೆ ಬರುತ್ತಿದ್ದವು.

ನಲವತ್ತೆರಡನೆಯ ದಿನ ಕಕಾರ ಬಂತು. ಕೋರಿ ಎಂಬ ಮನೆತನದವರು ಇಪ್ಪತ್ತು ಇಪ್ಪತ್ತೈದು ಜನ ಇದ್ದರು. ನಾನು ಲಯದಲ್ಲಿ ಓದಿಕೊಂಡು ಹೋಗಿ, “ಕೋರಿ ರಾಚಪ್ಪ, ಅಲ್ಪವಿರಾಮ,” ಎಂದುಬಿಟ್ಟೆ. ಪೆನ್ಸಿಲು ನಿಂತಿತು. ಹಳೆಯ ಪುಸ್ತಕದಿಂದ ಹಾಗೆಯೇ ಎತ್ತಿಕೊಂಡ ಪಟ್ಟಿ ಇರಬೇಕು. ಹೊಡೆದುಹಾಕೋಣವೇ ಎಂದು ನಾನು ಕೇಳಿದೆ.

ಹೂಗಾರರು ಹಾಳೆಯನ್ನು ಕಣ್ಣಿನ ಹತ್ತಿರ ತಂದು ನೋಡಿದರು. “ಪ್ರತಿಯೊಳಗೂ ಐತಿ, ಕರಡಿನ್ಯಾಗೂ ಐತಿ. ಅಂದಮ್ಯಾಗ ತಪ್ಪಲ್ರಿ ಅದು,” ಎಂದರು. ಆಮೇಲೆ, “ನಂಬರ ಓದ್ರಿ,” ಎಂದರು. ನಾನು ಓದಿದೆ. ಅವರು ಒಂದೊಂದೇ ಅಂಕಿಯ ಮೇಲೆ ಪೆನ್ಸಿಲು ಇಟ್ಟರು. ನಂಬರು ಸರಿಯಾಗಿತ್ತು.

ನಲವತ್ತಾರನೆಯ ದಿನ ಕೆಲಸ ಮುಗಿಸಿ ಏಳುವಾಗ ಅವರು ನನ್ನನ್ನು ಕೂರಿಸಿದರು. ನನ್ನ ನಕ್ಷೆಯಲ್ಲಿ ಎಲ್ಲರನ್ನೂ ಅಡ್ಡಡ್ಡ ಕೂರಿಸಿದ್ದನ್ನು ಅವರು ಗಮನಿಸಿದ್ದರು. ತಮ್ಮ ಒಂದು ಜೋಡಿ ಮಾತ್ರ ಎದುರುಬದುರು ಇದೆ ಎಂಬುದನ್ನೂ ನೋಡಿದ್ದರು.

“ಅಕ್ಕಾರ, ನಂದು ಗ್ವಾಡೀ ಕಡೆ ಮಾರಿ ಮಾಡಿ ಇಟ್ಟುಬಿಡ್ರಿ. ನೀವು ನಾಡಿದ್ದ ಹೋಗಾವ್ರು. ಎದುರಿಗೊಂದು ಖಾಲಿ ಮೇಜು ಕಚ್ಚಿತು ಅಂದ್ರ ಅದನ್ನ ನೋಡ್ಕೋತ ಕೂಡಬೇಕು ನಾ. ಒಂದು ನೋಡೀನಿ, ಸಾಕು.”

“ನಾ ಎಲ್ಲಿ ಹೋಗ್ತೀನ್ರಿ, ದಿನಾ ಬರ್ತೀನಿ,” ಎಂದೆ.

“ಇಚಾರ ಮಾಡಿ ಹೇಳ್ರಿ. ಇನ್ನೂ ಎರಡು ದಿನಾ ಅದಾವ.”

ವಿಚಾರ ಮಾಡುವುದೇನಿದೆ ಎಂದೆ. ಈಗ ಕೇಳಿದರೆ ವಿಚಾರ ಮಾಡಲಿಲ್ಲ ಎಂದೇ ಹೇಳಬೇಕು. ಯಾರನ್ನೂ ಎದುರಿಗೆ ಕೂರಿಸಬಾರದು ಎಂದು ಆ ಹಾಲಿನಲ್ಲಿ ನಲವತ್ತು ದಿನ ಕೂತು ಕಲಿತವಳು ನಾನೇ. ಬೇರೆ ಯಾರಾದರೂ ಹಾಗೆ ಇಡಿ ಎಂದಿದ್ದರೆ ತಿಳಿಹೇಳಿ ತಪ್ಪಿಸುತ್ತಿದ್ದೆ. ನನ್ನದೇ ಆದ ಒಂದು ಮೇಜು ಎಲ್ಲಾದರೂ ಇರುತ್ತದೆ ಎಂಬ ಆಸೆ ಕಣ್ಣಿಗೆ ಅಡ್ಡ ನಿಂತಿತ್ತು. ನಲವತ್ತೆಂಟನೆಯ ದಿನ ಎರಡೂ ಮೇಜುಗಳನ್ನು ಹಾಗೆಯೇ ಬಿಟ್ಟು ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಇಂದ್ರ ಅವರು ಎಲ್ಲ ಮೇಜುಗಳನ್ನೂ ಸೊಂಟದಿಂದ ಒತ್ತಿ ಒತ್ತಿ ನೋಡಿ, ಹದಿನಾಲ್ಕೂ ಕಚ್ಚಿವೆ ಎಂದು ಸಾರಿ, ಎಲ್ಲರಿಗೂ ಪೇಡೆ ಹಂಚಿದರು.

ನಾಲ್ಕು ತಿಂಗಳು ನಾನು ಒಂದು ದಿನವೂ ತಪ್ಪಿಸಲಿಲ್ಲ. ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ. ಟೆಲಿಫೋನ್ ಪುಸ್ತಕ ಮುಗಿದು ಔಷಧಿಗಳ ಪಟ್ಟಿ ಬಂತು, ಅದಾದ ಮೇಲೆ ಐದನೆಯ ಇಯತ್ತೆಯ ಗಣಿತದ ಪಠ್ಯಪುಸ್ತಕ. ಕರಡು ಇಲ್ಲದ ದಿನ ನಾನು ನನ್ನ ಬೇರೆ ಕೆಲಸಗಳ ನಕ್ಷೆ ಬರೆಯುತ್ತಿದ್ದೆ, ಅವರು ಪೆನ್ಸಿಲುಗಳನ್ನು ಕೆತ್ತಿ ಸಾಲಾಗಿ ಇಡುತ್ತಿದ್ದರು. ನಮ್ಮ ನಡುವೆ ಬೇರೆ ಮಾತು ಹೆಚ್ಚು ಇರಲಿಲ್ಲ. ಅವರ ಮನೆಯಲ್ಲಿ ಯಾರಿದ್ದಾರೆ ಎಂದು ನಾನು ಕೇಳಲಿಲ್ಲ, ನನ್ನದನ್ನು ಅವರೂ ಕೇಳಲಿಲ್ಲ. ಇಬ್ಬರಿಗೂ ಉತ್ತರ ಗೊತ್ತಿತ್ತು.

ಆಮೇಲೆ ಊರಿನ ಆ ತುದಿಯಲ್ಲಿ ಹೆಣ್ಣುಮಕ್ಕಳ ವಸತಿನಿಲಯವೊಂದರ ಕೆಲಸ ಬಂತು. ಅರವತ್ತು ಮಂಚಗಳು. ಯಾವ ಹುಡುಗಿಯ ತಲೆ ಯಾವ ಹುಡುಗಿಯ ಕಾಲಿನ ಕಡೆ ಬರಬೇಕು ಎಂಬುದರ ಮೇಲೆ ಮುಂದಿನ ಹತ್ತಾರು ವರ್ಷದ ಜಗಳಗಳು ನಿಂತಿದ್ದವು. ದಿನವೂ ಅಲ್ಲೇ ಕೂರಬೇಕಿತ್ತು. ಒಂದೇ ಒಂದು ಮಂಡಲ ಎಂದು ಹೂಗಾರರಿಗೆ ಹೇಳಿದೆ. ಹೊರಡುವಾಗ ನಮ್ಮಲ್ಲಿ ಎಲ್ಲರೂ ಹೇಳುವ ಹಾಗೆ ಬರ್ತೀನಿ ಎಂದೆ. ಅವರೂ ಎಲ್ಲರ ಹಾಗೆ ಹೂಂ ಎಂದರು.

ನಲವತ್ತೆಂಟು ದಿನ ಹೋಗದೆ ಇದ್ದವಳಿಗೆ ನಲವತ್ತೊಂಬತ್ತನೆಯ ದಿನ ಬಸ್ಸು ಹತ್ತಲು ಆಗಲಿಲ್ಲ. ನೆಗಡಿಯಾಗಿತ್ತು. ಅದು ಹೋದ ಮೇಲೆ ಇನ್ನೊಂದು ಕೆಲಸದ ಮಾತುಕತೆ ಬಂತು. ಒಂದು ದಿನ ತಪ್ಪಿಸಿದರೆ ಕಾರಣ ಹೇಳಬಹುದು. ಎರಡು ತಿಂಗಳು ತಪ್ಪಿಸಿದ ಮೇಲೆ ಎಷ್ಟು ದೊಡ್ಡ ಕಾರಣವೂ ಸಾಲುವುದಿಲ್ಲ. ಅವರ ಎದುರಿಗೆ ಖಾಲಿ ಮೇಜು ಇದೆ ಎಂಬುದು ದಿನವೂ ನೆನಪಾಗುತ್ತಿತ್ತು. ನೆನಪಾದಷ್ಟೂ ಹೋಗುವುದು ಕಷ್ಟವಾಗುತ್ತಿತ್ತು. ಹೀಗೆ ವರ್ಷ ಕಳೆಯಿತು.

ಕಳೆದ ತಿಂಗಳು, ಕೆಲಸವಿಲ್ಲದ ಒಂದು ಬೆಳಿಗ್ಗೆ, ಬಸ್ಸಿನ ವಿಚಾರಣೆಗೆ ಫೋನ್ ಮಾಡಿದೆ. ಬೈಪಾಸಿನ ಆಚೆಯ ಬಡಾವಣೆಗೆ ಬಸ್ಸು ಎಷ್ಟಕ್ಕಿದೆ ಎಂದು ಕೇಳಿದೆ. ಆ ಕಡೆಯ ದನಿ ಶಂಶಾದಳದೇ. ಹನ್ನೊಂದು ಹದಿನೈದಕ್ಕೆ ಒಂದು ಎಂದಳು. ಫೋನು ಇಡಲಿಲ್ಲ.

“ಅದ ಬಸ್ಸು ಐತಿ ಅಕ್ಕಾ,” ಎಂದಳು ಆಮೇಲೆ. “ಟೈಮ್ ಬದಲಾಗಿಲ್ಲ.”

ನಾನು ಹೋದೆ. ಹಾಲ್ ಚೆನ್ನಾಗಿ ನಡೆಯುತ್ತಿತ್ತು. ಅಡ್ಡಡ್ಡ ಕೂತವರು ಅರ್ಧ ತಿರುಗಿ ಮಾತಾಡಿಕೊಳ್ಳುತ್ತಿದ್ದರು, ಒಬ್ಬರ ಚಾರ್ಜರು ಇನ್ನೊಬ್ಬರ ಪ್ಲಗ್ಗಿನಲ್ಲಿತ್ತು. ಶಂಶಾದ್ ಫೋನಿನಲ್ಲಿ ಮಾತಾಡುತ್ತಲೇ ನನ್ನನ್ನು ನೋಡಿ ಬೀರುವಿನ ಕಡೆ ಕಣ್ಣು ತಿರುಗಿಸಿದಳು. ಬೀರುವಿನ ಹಿಂದೆ ಹೂಗಾರರು ಇದ್ದರು. ಮೊದಲಿಗಿಂತ ಸೊರಗಿದ್ದರು. ಕೂತದ್ದು ತಮ್ಮ ಮೇಜಿನಲ್ಲಲ್ಲ. ನನ್ನ ಮೇಜಿಗೆ ಕೂತು, ಬಾಗಿಲಿಗೆ ಬೆನ್ನು ಮಾಡಿ, ಖಾಲಿಯಾಗಿದ್ದ ತಮ್ಮ ಮೇಜಿನ ಎದುರಿಗೆ ಮೂಲಪ್ರತಿ ಹಿಡಿದುಕೊಂಡು ಓದುತ್ತಿದ್ದರು. ನಾನು ಬಂದದ್ದು ಅವರಿಗೆ ಕಾಣಲಿಲ್ಲ. ಸುತ್ತಿ ಹೋಗಿ ಎದುರಿಗೆ ನಿಂತೆ.

ತಲೆ ಎತ್ತಿ ನೋಡಿದರು. ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳಲು ನಾಲ್ಕು ಕಾರಣ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಈ ಕಡೆ ಯಾಕೆ ಕೂತಿದ್ದೀರಿ ಎಂದು ನಾನೇ ಕೇಳಿದೆ.

ಅವರು ಪ್ರತಿಯ ಮೇಲೆ ಬೆರಳಿಟ್ಟು ಸಾಲು ಗುರುತು ಮಾಡಿಕೊಂಡರು. “ಆ ಕಡೆ ಕುಂತ್ರ ಹಾದಿ ಕಾಯಬೇಕಾಗ್ತದ್ರಿ. ಈ ಕಡೆ ಕುಂತ್ರ ನಾನ ಬಂದಾಂಗ ಆಗ್ತದ,” ಎಂದರು. ಅದರಲ್ಲಿ ದೂರಿರಲಿಲ್ಲ. ಕರಡಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದುವ ದನಿ ಅದು.

ನಾನು ಅವರ ಕುರ್ಚಿಯಲ್ಲಿ ಕೂತೆ. ಅವರು ಅಚ್ಚಾದ ಹಾಳೆಗಳನ್ನೂ ಒಂದು ಪೆನ್ಸಿಲನ್ನೂ ನನ್ನ ಕಡೆ ಸರಿಸಿ ಓದತೊಡಗಿದರು. ಅದು ಯಾವುದೋ ಹೊಲಿಗೆ ಯಂತ್ರದ ಕೈಪಿಡಿ. ನನಗೆ ತಪ್ಪು ಹಿಡಿಯುವ ಅಭ್ಯಾಸವಿರಲಿಲ್ಲ, ಒಂದು ಪುಟದಲ್ಲಿ ಮೂರು ಬಿಟ್ಟೆ. ಅವರು ಬೈಯಲಿಲ್ಲ, ಹಿಂದಿನ ಸಾಲಿನಿಂದ ಮತ್ತೆ ಓದಿದರು. ನಾಲ್ಕು ಗಂಟೆಗೆ ಕಣ್ಣು ಮಂಜಾಗುತ್ತದೆ ಎಂದು ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ನಾಳೆಯೂ ಇರುತ್ತೀರಾ ಎಂದು ನಾನು ಕೇಳಿದೆ. ಈಗ ಕೆಲಸ ಕಡಿಮೆ, ಇಂಥ ದಿನವೇ ಬರುತ್ತೇನೆ ಅಂತಿಲ್ಲ ಎಂದು ಹೇಳಿ ಹೊರಟುಹೋದರು.

ಮರುದಿನ ಹನ್ನೊಂದು ಹದಿನೈದರ ಬಸ್ಸಿಗೆ ಹೋದೆ. ಅವರು ಬಂದಿರಲಿಲ್ಲ. ಎರಡು ಮೇಜುಗಳ ಪಕ್ಕದಲ್ಲಿ ನಿಂತೆ. ಆಮೇಲೆ ನನ್ನ ಮೇಜು ಬಿಟ್ಟು ಅವರ ಮೇಜಿಗೆ ಹೋಗಿ ಕೂತೆ. ಅಲ್ಲಿ ಕೂತವರ ಕಣ್ಣಿಗೆ ಬಾಗಿಲು ನೇರವಾಗಿ ಬೀಳುತ್ತದೆ. ನಕ್ಷೆ ಬರೆದವಳು ನಾನೇ ಆದರೂ ಅದು ಎಂಥದ್ದೆಂದು ನನಗೆ ಗೊತ್ತಾದದ್ದು ಆಗ. ಯಾರು ಬಾಗಿಲು ತಳ್ಳಿದರೂ ತಲೆ ತಾನಾಗಿ ಏಳುತ್ತದೆ, ತಡೆಯಲು ಆಗುವುದಿಲ್ಲ. ನಾಲ್ಕು ಗಂಟೆಯವರೆಗೆ ಹದಿನಾರು ಸಲ ಬಾಗಿಲು ತೆರೆಯಿತು. ಹದಿನಾರು ಸಲವೂ ನಾನು ತಲೆ ಎತ್ತಿದೆ.

ಅದರ ಮರುದಿನವೂ ಹೋದೆ.